ಸಂಬಳ 10 ಪಟ್ಟು, ಪಿಂಚಣಿ ನಿಧಿಗೆ ಮಾತ್ರ ಅದೇ 1,250 ರೂ.: ಹೆಚ್ಚು ಗಳಿಸುವವರು ಇಎಸ್‌ಐ, ಪಿಎಫ್‌ಗೆ ಹೆಚ್ಚು ಕಟ್ಟಬೇಕೇ?

ಅಹಮದಾಬಾದ್‌ನ ಬಟ್ಟೆ ಸಂಸ್ಕರಣಾ ಘಟಕವೊಂದರಲ್ಲಿ ತಿಂಗಳಿಗೆ 20,000 ರೂ. ಸಂಬಳ ಪಡೆಯುವ ಕಾರ್ಮಿಕರಿದ್ದಾರೆ ಎಂದುಕೊಳ್ಳಿ. ಅವರ ಸಂಬಳದಿಂದ ಪ್ರತಿ ತಿಂಗಳು 150 ರೂ. ಇಎಸ್‌ಐಗೆ ಕಡಿತವಾಗುತ್ತದೆ. ಮಾಲೀಕರು ಅದಕ್ಕೆ 650 ರೂ. ಸೇರಿಸುತ್ತಾರೆ. ಅದೇ ಘಟಕದಲ್ಲಿ 2 ಲಕ್ಷ ರೂ. ಪಡೆಯುವ ಜನರಲ್ ಮ್ಯಾನೇಜರ್ ಸಂಬಳದಿಂದ ಆ ನಿಧಿಗೆ ಒಂದು ರೂಪಾಯಿಯೂ ಹೋಗುವುದಿಲ್ಲ. ಅವರು ತಪ್ಪಿಸಿಕೊಂಡಿದ್ದಾರೆ ಎಂದಲ್ಲ, ಕಾನೂನೇ ಅವರನ್ನು ಹೊರಗಿಟ್ಟಿದೆ.

ಹೆಚ್ಚು ಆದಾಯದವರು ಸಾಮಾಜಿಕ ವಿಮೆಗೆ ಹೆಚ್ಚು ವಂತಿಗೆ ಕಟ್ಟಬೇಕೇ ಎಂಬ ಚರ್ಚೆ ಅಮೆರಿಕದಲ್ಲಿ ಪ್ರತಿ ಚುನಾವಣೆಯಲ್ಲೂ ಏಳುತ್ತದೆ. ಭಾರತದಲ್ಲಿ ಇದೇ ಪ್ರಶ್ನೆ 'ವೇತನ ಮಿತಿ' ಎಂಬ ಎರಡು ಪದಗಳ ಹಿಂದೆ ಅಡಗಿ ಕೂತಿದೆ. ಇಎಸ್‌ಐಗೆ 21,000 ರೂ., ಪಿಎಫ್‌ಗೆ 15,000 ರೂ. ಮಿತಿಯನ್ನು ಏರಿಸಬೇಕು ಎಂಬ ಸುದ್ದಿ ಆಗಾಗ ಬರುತ್ತದೆ. ಆದರೆ ಏರಿಸಿದರೆ ದುಡ್ಡು ಯಾರಿಂದ ಯಾರಿಗೆ ಹೋಗುತ್ತದೆ ಎಂಬ ಮಾತು ಅಷ್ಟಾಗಿ ಬರುವುದಿಲ್ಲ. ಗಿರಣಿಗಳ ಅಹಮದಾಬಾದ್, ರಾಸಾಯನಿಕ ಕಾರ್ಖಾನೆಗಳ ವಡೋದರಾ, ವಜ್ರ ಮತ್ತು ಪವರ್‌ಲೂಮ್‌ಗಳ ಸೂರತ್, ಗುಜರಾತ್‌ನ ಈ ಮೂರು ನಗರಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಉತ್ತರ ಒಂದೇ ಅಲ್ಲ ಎಂಬುದು ಗೊತ್ತಾಗುತ್ತದೆ.

ಮೊದಲಿಗೆ, ಸಾಮಾಜಿಕ ವಿಮೆ ಎಂದರೇನು?

ದುಡಿಯುವವರು ಮತ್ತು ಮಾಲೀಕರು ಒಂದು ಸಾಮೂಹಿಕ ನಿಧಿಗೆ ಕಡ್ಡಾಯವಾಗಿ ಹಣ ಹಾಕುತ್ತಾರೆ. ಕಾಯಿಲೆ, ಅಪಘಾತ, ಹೆರಿಗೆ, ಮುಪ್ಪು, ಸಾವು ಬಂದಾಗ ಆ ನಿಧಿಯಿಂದ ನೆರವು ಸಿಗುತ್ತದೆ. 1883ರಲ್ಲಿ ಬಿಸ್ಮಾರ್ಕ್ ಆಡಳಿತದ ಜರ್ಮನಿ ಕಾರ್ಮಿಕರ ಆರೋಗ್ಯ ವಿಮೆಯೊಂದಿಗೆ ಇದನ್ನು ಆರಂಭಿಸಿತು. ಖಾಸಗಿ ವಿಮೆಯಲ್ಲಿ ವಯಸ್ಸು, ಕಾಯಿಲೆ ನೋಡಿ ಪ್ರೀಮಿಯಂ ಹಾಕುತ್ತಾರೆ. ಸಾಮಾಜಿಕ ವಿಮೆಯಲ್ಲಿ ಸಂಬಳ ನೋಡಿ ಹಾಕುತ್ತಾರೆ. ವ್ಯತ್ಯಾಸ ಇಷ್ಟೇ, ಆದರೆ ಇಡೀ ಚರ್ಚೆ ನಿಂತಿರುವುದು ಇದರ ಮೇಲೆ.

ಇಲ್ಲೊಂದು ಗೊಂದಲವನ್ನು ಮೊದಲೇ ಬಿಡಿಸಿಕೊಳ್ಳಬೇಕು. ನಮ್ಮಲ್ಲಿ ಪಿಎಫ್ ಖಾತೆಯ ಹಣವನ್ನೂ ಸಾಮಾಜಿಕ ಭದ್ರತೆ ಎಂದೇ ಕರೆಯುತ್ತೇವೆ. ಆದರೆ ಅದು ಉಳಿತಾಯ, ವಿಮೆಯಲ್ಲ. ನಿಮ್ಮ ಖಾತೆಗೆ ನೀವು ಹಾಕಿದ್ದು, ಬಡ್ಡಿ ಸಮೇತ ನಿಮಗೇ ಬರುತ್ತದೆ. ಒಬ್ಬರ ಹಣ ಇನ್ನೊಬ್ಬರ ಕಷ್ಟಕ್ಕೆ ಆಗುವುದು ಇಎಸ್‌ಐನಲ್ಲಿ, ಪಿಎಫ್ ಜೊತೆಗಿರುವ ಪಿಂಚಣಿ ಯೋಜನೆ ಇಪಿಎಸ್‌ನಲ್ಲಿ ಮತ್ತು ಉದ್ಯೋಗಿ ತೀರಿಕೊಂಡರೆ ಕುಟುಂಬಕ್ಕೆ ಗರಿಷ್ಠ 7 ಲಕ್ಷ ರೂ. ಕೊಡುವ ಇಡಿಎಲ್‌ಐನಲ್ಲಿ ಮಾತ್ರ.

ಅಹಮದಾಬಾದ್: ಎಲ್ಲರಿಗೂ ಒಂದೇ ಚಿಕಿತ್ಸೆ, ಆದರೆ 21,000 ರೂ.ವರೆಗೆ

ಕಾರ್ಮಿಕರ ಹಕ್ಕಿನ ವಿಚಾರದಲ್ಲಿ ಅಹಮದಾಬಾದ್‌ಗೆ ಹಳೆಯ ಇತಿಹಾಸವಿದೆ. 1918ರಲ್ಲಿ ಗಿರಣಿ ಕಾರ್ಮಿಕರು ಶೇ.35ರಷ್ಟು ವೇತನ ಹೆಚ್ಚಳಕ್ಕಾಗಿ ಮುಷ್ಕರ ಹೂಡಿದಾಗ ಮಹಾತ್ಮ ಗಾಂಧೀಜಿ ಅವರ ಪರವಾಗಿ ಉಪವಾಸ ಕೂತಿದ್ದರು. ಕಾರ್ಮಿಕರ ಕಡೆ ಅನಸೂಯಾ ಸಾರಾಭಾಯಿ, ಎದುರಿಗೆ ಗಿರಣಿ ಮಾಲೀಕರ ಕಡೆ ಅವರದೇ ಸಹೋದರ ಅಂಬಾಲಾಲ್ ಸಾರಾಭಾಯಿ. 1920ರಲ್ಲಿ ಹುಟ್ಟಿದ ಮಜೂರ್ ಮಹಾಜನ್ ಸಂಘ ದೇಶದ ಪ್ರಮುಖ ಕಾರ್ಮಿಕ ಸಂಘಟನೆಗಳಲ್ಲಿ ಒಂದಾಯಿತು. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದಂತೆ ಅಹಮದಾಬಾದ್ ಭಾರತದ ಮ್ಯಾಂಚೆಸ್ಟರ್ ಎನಿಸಿಕೊಂಡಿತ್ತು. ಎರಡೂ ಕಡೆ ಗಿರಣಿಗಳು ಒಂದೊಂದಾಗಿ ಮುಚ್ಚಿದ್ದೂ ನಿಜ.

ಕೈಗಾರಿಕಾ ಕಾರ್ಮಿಕರಿಗೆ ಆರೋಗ್ಯ ವಿಮೆ ಬೇಕು ಎಂಬ ಯೋಜನೆಯ ನೀಲನಕ್ಷೆ ತಯಾರಿಸಿದವರು ಪ್ರೊ. ಬಿ.ಪಿ. ಅದರ್ಕರ್. ಅವರ ವರದಿ ಬಂದದ್ದು 1944ರಲ್ಲಿ, ಡಾ. ಬಿ.ಆರ್. ಅಂಬೇಡ್ಕರ್ ವೈಸ್‌ರಾಯ್ ಮಂಡಳಿಯ ಕಾರ್ಮಿಕ ಸದಸ್ಯರಾಗಿದ್ದ ಕಾಲದಲ್ಲಿ. 1948ರಲ್ಲಿ ಇಎಸ್‌ಐ ಕಾಯ್ದೆ ಜಾರಿಯಾಯಿತು. 1952ರ ಫೆಬ್ರವರಿ 24ರಂದು ಕಾನ್ಪುರದಲ್ಲಿ ಪ್ರಧಾನಿ ಜವಾಹರಲಾಲ್ ನೆಹರು ಯೋಜನೆಗೆ ಚಾಲನೆ ಕೊಟ್ಟರು. ಗುಜರಾತ್‌ಗೆ ಇದು ಕಾಲಿಟ್ಟದ್ದು 1964ರಲ್ಲಿ, ಅಹಮದಾಬಾದ್ ಮೂಲಕ. ಗಿರಣಿ ಕಾರ್ಮಿಕರೇ ತುಂಬಿದ್ದ ನಗರದ ಪೂರ್ವ ಭಾಗದ ಬಾಪುನಗರದಲ್ಲಿ ಇಎಸ್‌ಐ ಆಸ್ಪತ್ರೆ ಇಂದಿಗೂ ಇದೆ.

ಇಎಸ್‌ಐನ ವಿಶೇಷ ಇಷ್ಟು. ಕಟ್ಟುವುದು ಸಂಬಳದ ಲೆಕ್ಕದಲ್ಲಿ, ಪಡೆಯುವುದು ಕಾಯಿಲೆಯ ಲೆಕ್ಕದಲ್ಲಿ. 2019ರ ಜುಲೈ 1ರಿಂದ ಉದ್ಯೋಗಿಯ ಪಾಲು ಸಂಬಳದ ಶೇ.0.75, ಮಾಲೀಕರ ಪಾಲು ಶೇ.3.25. ದಿನಕ್ಕೆ ಸರಾಸರಿ 176 ರೂ.ವರೆಗೆ ಕೂಲಿ ಇರುವವರು ತಮ್ಮ ಪಾಲು ಕಟ್ಟಬೇಕಿಲ್ಲ. 12,000 ರೂ. ಸಂಬಳದವರು 90 ರೂ. ಕಟ್ಟುತ್ತಾರೆ, 20,000 ರೂ. ಸಂಬಳದವರು 150 ರೂ. ಕಟ್ಟುತ್ತಾರೆ. ಇಬ್ಬರಲ್ಲಿ ಯಾರಿಗೆ ಹೃದಯ ಶಸ್ತ್ರಚಿಕಿತ್ಸೆ ಬೇಕಾದರೂ ಸೌಲಭ್ಯ ಒಂದೇ, ಕುಟುಂಬಕ್ಕೂ ಅದೇ. ಅನಾರೋಗ್ಯ ರಜೆಯಲ್ಲಿ ವರ್ಷಕ್ಕೆ 91 ದಿನಗಳವರೆಗೆ ಸಂಬಳದ ಶೇ.70, ಹೆರಿಗೆಗೆ 26 ವಾರ ಪೂರ್ಣ ಸಂಬಳ, ಕೆಲಸದ ಸ್ಥಳದ ಅಪಘಾತದಲ್ಲಿ ಅಂಗವಿಕಲರಾದರೆ ಶೇ.90 ಸಿಗುತ್ತದೆ. ಅಂದರೆ ಹೆಚ್ಚು ಸಂಬಳದವರು ಕಡಿಮೆ ಸಂಬಳದವರಿಗೆ ನಿಜವಾಗಿ ಹೆಗಲು ಕೊಡುವ ವ್ಯವಸ್ಥೆ ದೇಶದ ಕಾರ್ಮಿಕ ವಲಯದಲ್ಲಿ ಇದ್ದರೆ ಅದು ಇದೊಂದೇ.

ವಿಪರ್ಯಾಸವೆಂದರೆ, ಹೆಗಲು ಕೊಡಲು ಶಕ್ತಿ ಇರುವವರನ್ನು ಇಲ್ಲಿಂದಲೇ ಹೊರಗೆ ಕಳುಹಿಸಲಾಗುತ್ತದೆ. ಸಂಬಳ 21,000 ರೂ. ದಾಟಿದರೆ ಸದಸ್ಯತ್ವವೇ ಇಲ್ಲ. ಅಂಗವಿಕಲ ಉದ್ಯೋಗಿಗಳಿಗೆ ಮಾತ್ರ ಮಿತಿ 25,000 ರೂ. ಹಾಗಾಗಿ 20,000 ರೂ. ಸಂಬಳದವರು 12,000 ರೂ. ಸಂಬಳದವರಿಗೆ ಆಸರೆ, 2 ಲಕ್ಷ ರೂ. ಸಂಬಳದವರು ಯಾರಿಗೂ ಅಲ್ಲ.

1948ರಲ್ಲಿ ಮಿತಿ ಇದ್ದದ್ದು 400 ರೂ. ಆಗ ಅದು ಸಣ್ಣ ಮೊತ್ತವಾಗಿರಲಿಲ್ಲ. ಗಿರಣಿ ಕೆಲಸಗಾರರಿಗಷ್ಟೇ ಅಲ್ಲ, ಗುಮಾಸ್ತರಿಗೂ ಮೇಲಿನ ಮೊತ್ತ. ನಂತರ 1997ರಲ್ಲಿ 6,500 ರೂ., 2010ರಲ್ಲಿ 15,000 ರೂ., 2017ರ ಜನವರಿ 1ರಿಂದ 21,000 ರೂ. ಆಯಿತು. ಬೆಲೆಯೇರಿಕೆ ಪ್ರತಿ ತಿಂಗಳು ನಡೆಯುತ್ತದೆ, ಮಿತಿ ಏರುವುದು ಸರ್ಕಾರಕ್ಕೆ ಮನಸ್ಸು ಬಂದಾಗ. ಕರ್ನಾಟಕ ಸರ್ಕಾರ 2025ರ ಏಪ್ರಿಲ್‌ನಲ್ಲಿ ಹೊರಡಿಸಿದ ಕನಿಷ್ಠ ವೇತನದ ಕರಡಿನಲ್ಲಿ ಬೆಂಗಳೂರು ವಲಯದ ಅತಿ ಕುಶಲ ಕಾರ್ಮಿಕರಿಗೆ 31,000 ರೂ. ಆಸುಪಾಸಿನ ವೇತನ ಸೂಚಿಸಲಾಗಿತ್ತು. ಅಂತಹ ಆದೇಶ ಜಾರಿಯಾದರೆ ಕಾನೂನು ಹೇಳುವ ಕನಿಷ್ಠ ವೇತನ ಪಡೆಯುವವರೇ ಇಎಸ್‌ಐ ಲೆಕ್ಕದಲ್ಲಿ 'ಹೆಚ್ಚು ಸಂಬಳದವರು' ಆಗಿಬಿಡುತ್ತಾರೆ! ಪೀಣ್ಯದ ಕಾರ್ಮಿಕರಿಗೂ ನರೋಡಾದ ಕಾರ್ಮಿಕರಿಗೂ ಕೇಂದ್ರದ ಮಿತಿ ಒಂದೇ.

ಮಿತಿ ತೆಗೆದರೆ ಮ್ಯಾನೇಜರ್‌ಗಳು ಒಪ್ಪುತ್ತಾರಾ?

ಸುಲಭವಲ್ಲ, ಅವರ ಆಕ್ಷೇಪದಲ್ಲೂ ಹುರುಳಿದೆ. ಕಂಪನಿ ಕೊಡಿಸಿದ ಖಾಸಗಿ ಆರೋಗ್ಯ ವಿಮೆ ಇರುವಾಗ ತಾವು ಎಂದೂ ಕಾಲಿಡದ ಆಸ್ಪತ್ರೆಗೆ ಏಕೆ ಕಟ್ಟಬೇಕು ಎಂಬುದು ಮೊದಲ ಪ್ರಶ್ನೆ. ಆದಾಯ ತೆರಿಗೆಯ ಮೇಲೆ ಶೇ.4ರ ಆರೋಗ್ಯ ಮತ್ತು ಶಿಕ್ಷಣ ಸೆಸ್ ಈಗಾಗಲೇ ಕೊಡುತ್ತಿದ್ದೇವಲ್ಲ ಎಂಬುದು ಎರಡನೆಯದು. ಈಗಿನ ದರದಲ್ಲೇ ಮಿತಿ ತೆಗೆದರೆ 2 ಲಕ್ಷ ರೂ. ಸಂಬಳದವರ ಪಾಲು ತಿಂಗಳಿಗೆ 1,500 ರೂ., ಮಾಲೀಕರ ಪಾಲು 6,500 ರೂ. ಆಗುತ್ತದೆ. ಉದ್ಯೋಗಿಗಿಂತ ಮೊದಲು ಕಂಪನಿಗಳೇ ವಿರೋಧಿಸುವುದು ಸಹಜ.

ಇನ್ನೊಂದು ಬದಿಯ ವಾದವೂ ಇದೆ. ದನಿ ಇರುವವರು ಬಳಸದ ಆಸ್ಪತ್ರೆಯ ಗುಣಮಟ್ಟ ಸುಧಾರಿಸುವುದು ನಿಧಾನ. ಮ್ಯಾನೇಜರ್ ಕುಟುಂಬವೂ ಅದೇ ಸಾಲಿನಲ್ಲಿ ನಿಂತರೆ ಔಷಧ ಕೌಂಟರ್ ಬೇಗ ತೆರೆದೀತು ಎಂಬುದು ತಮಾಷೆಯ ಮಾತಾದರೂ ಪೂರ್ತಿ ತಮಾಷೆಯಲ್ಲ.

ಜರ್ಮನಿಯ ಉದಾಹರಣೆ ಇಲ್ಲಿ ಉಪಯುಕ್ತ. ಅಲ್ಲೂ ಒಂದು ಮಟ್ಟಕ್ಕಿಂತ ಹೆಚ್ಚು ಗಳಿಸುವವರು ಸಾರ್ವಜನಿಕ ಆರೋಗ್ಯ ವಿಮೆ ಬಿಟ್ಟು ಖಾಸಗಿಗೆ ಹೋಗಬಹುದು. 2025ರಲ್ಲಿ ಆ ಮಟ್ಟ ವರ್ಷಕ್ಕೆ 73,800 ಯೂರೋ. ಆದರೆ ಅಲ್ಲಿ ಹೋಗುವುದು ಅವರ ಆಯ್ಕೆ, ಉಳಿಯಲೂಬಹುದು. ಮಿತಿಯನ್ನು ವರ್ಷ ವರ್ಷವೂ ಪರಿಷ್ಕರಿಸುತ್ತಾರೆ. ನಮ್ಮಲ್ಲಿ 21,001 ರೂ. ಸಂಬಳದವರಿಗೆ ಉಳಿಯುವ ಆಯ್ಕೆಯೇ ಇಲ್ಲ.

ಸರ್ಕಾರಿ ನೌಕರರು ಈಗಾಗಲೇ ಹೆಚ್ಚು ಕಟ್ಟುತ್ತಿದ್ದಾರೆ

ಹೆಚ್ಚು ಸಂಬಳದವರಿಂದ ಹೆಚ್ಚು ಪಡೆಯುವುದು ಭಾರತದಲ್ಲಿ ಹೊಸದೇನಲ್ಲ. ಅಹಮದಾಬಾದ್‌ನಲ್ಲೂ ಇರುವ ಕೇಂದ್ರ ಸರ್ಕಾರಿ ನೌಕರರ ಆರೋಗ್ಯ ಯೋಜನೆ ಸಿಜಿಎಚ್‌ಎಸ್ ನೋಡಿ. ವೇತನ ಶ್ರೇಣಿ 1ರಿಂದ 5ರವರೆಗಿನವರು ತಿಂಗಳಿಗೆ 250 ರೂ., 6ನೇ ಶ್ರೇಣಿಯವರು 450 ರೂ., 7ರಿಂದ 11ರವರೆಗೆ 650 ರೂ., 12 ಮತ್ತು ಮೇಲಿನವರು 1,000 ರೂ. ಕಟ್ಟುತ್ತಾರೆ. ಆಸ್ಪತ್ರೆಯ ವಾರ್ಡ್ ದರ್ಜೆಯಲ್ಲಿ ವ್ಯತ್ಯಾಸವಿದೆ, ಚಿಕಿತ್ಸೆಯಲ್ಲಿ ಇಲ್ಲ.

ಕರ್ನಾಟಕ ಸರ್ಕಾರಿ ನೌಕರರ ಆರೋಗ್ಯ ಸಂಜೀವಿನಿ ಯೋಜನೆಯೂ ಇದೇ ದಾರಿಯದು. 2025ರ ಅಕ್ಟೋಬರ್ 1ರಿಂದ ಗ್ರೂಪ್ ಎ ನೌಕರರಿಗೆ 1,000 ರೂ., ಬಿ ಗುಂಪಿಗೆ 500 ರೂ., ಸಿ ಗುಂಪಿಗೆ 350 ರೂ., ಡಿ ಗುಂಪಿಗೆ 250 ರೂ. ಮಾಸಿಕ ವಂತಿಗೆ ನಿಗದಿಯಾಗಿದೆ. ಮೇಲಧಿಕಾರಿಯೂ ಜವಾನರೂ ಒಂದೇ ನಿಧಿಯಲ್ಲಿದ್ದಾರೆ. ಕಾರ್ಖಾನೆಯ ಮ್ಯಾನೇಜರ್ ಮತ್ತು ಕಾರ್ಮಿಕ ಒಂದೇ ನಿಧಿಯಲ್ಲಿ ಇರಲಾಗದು ಎನ್ನುವುದಕ್ಕೆ ಹಾಗಾಗಿ ಬಲವಾದ ಕಾರಣ ಕಾಣುವುದಿಲ್ಲ.

ವಡೋದರಾ: ಹೆಚ್ಚು ಕಟ್ಟಲು ತುದಿಗಾಲಲ್ಲಿ ನಿಂತವರು

ಅಹಮದಾಬಾದ್‌ನಿಂದ ದಕ್ಷಿಣಕ್ಕೆ ಸುಮಾರು 110 ಕಿ.ಮೀ. ದೂರದ ವಡೋದರಾ ಬೇರೆಯೇ ಕಥೆ ಹೇಳುತ್ತದೆ. 1907ರಲ್ಲಿ ಆರಂಭವಾದ ಅಲೆಂಬಿಕ್, ಕೊಯಲಿಯ ತೈಲ ಶುದ್ಧೀಕರಣಾಗಾರ, ರಸಗೊಬ್ಬರದ ಜಿಎಸ್‌ಎಫ್‌ಸಿ, 2002ರಲ್ಲಿ ರಿಲಯನ್ಸ್ ಪಾಲಾದ ಐಪಿಸಿಎಲ್. ಇವು ಖಾಯಂ ನೌಕರಿ, ಒಳ್ಳೆಯ ಸಂಬಳ, ದೀರ್ಘ ಸೇವೆಯ ಉದ್ಯಮಗಳು. ಇಂತಹ ಊರುಗಳಲ್ಲಿ ಮಾತು ಶುರುವಾಗುವುದು ಇಎಸ್‌ಐನಿಂದಲ್ಲ, ಪಿಂಚಣಿಯಿಂದ.

ಲೆಕ್ಕ ಹೀಗಿದೆ. ಮೂಲ ವೇತನ ಮತ್ತು ತುಟ್ಟಿಭತ್ಯೆಯ ಶೇ.12ನ್ನು ಉದ್ಯೋಗಿ, ಶೇ.12ನ್ನು ಮಾಲೀಕರು ಕಟ್ಟುತ್ತಾರೆ. ಮಾಲೀಕರ ಪಾಲಿನಲ್ಲಿ ಶೇ.8.33 ಪಿಂಚಣಿ ನಿಧಿಗೆ ಹೋಗುತ್ತದೆ, ಆದರೆ 15,000 ರೂ. ಮೇಲೆ ಮಾತ್ರ. ಅಂದರೆ 1,250 ರೂ. ಕೇಂದ್ರ ಸರ್ಕಾರ ಅದೇ 15,000 ರೂ. ಮಿತಿಯಲ್ಲಿ ಶೇ.1.16 ಸೇರಿಸುತ್ತದೆ. 15,000 ರೂ. ಮೂಲ ವೇತನದ ಸಹಾಯಕನ ಹೆಸರಲ್ಲೂ 1.5 ಲಕ್ಷ ರೂ. ಮೂಲ ವೇತನದ ಹಿರಿಯ ಎಂಜಿನಿಯರ್ ಹೆಸರಲ್ಲೂ ಪಿಂಚಣಿ ನಿಧಿಗೆ ಹೋಗುವುದು ಅದೇ 1,250 ರೂ. ಎಂಜಿನಿಯರ್ ಹೆಚ್ಚಿಗೆ ಕಟ್ಟಿದ್ದೆಲ್ಲ ಅವರದೇ ಪಿಎಫ್ ಖಾತೆಯಲ್ಲಿ ಬೆಳೆಯುತ್ತದೆ.

ಪಿಂಚಣಿ ಸೂತ್ರವೂ ಸರಳ. ಪಿಂಚಣಿಗೆ ಪರಿಗಣಿಸುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಿ. 15,000 ರೂ. ಮೇಲೆ 35 ವರ್ಷ ಸೇವೆ ಎಂದರೆ 7,500 ರೂ. ಇಬ್ಬರಿಗೂ ಅಷ್ಟೇ. ನೋಡಲು ಸಮಾನತೆ ಎನಿಸುತ್ತದೆ. ನಿಜದಲ್ಲಿ ಇದು ಹೆಚ್ಚು ಸಂಬಳದವರು ಯಾರಿಗೂ ಆಸರೆಯಾಗದ ಸಮಾನತೆ.

ಇನ್ನೂ ಒಂದು ಹೆಜ್ಜೆ ಮುಂದಿದೆ, ಅನೇಕರ ಗಮನಕ್ಕೆ ಬಾರದ್ದು. 2014ರ ಸೆಪ್ಟೆಂಬರ್ 1ರ ನಂತರ ಮೊದಲ ಬಾರಿ ಪಿಎಫ್ ಸದಸ್ಯರಾದವರ ಸಂಬಳ 15,000 ರೂ. ಮೀರಿದ್ದರೆ ಅವರು ಪಿಂಚಣಿ ಯೋಜನೆಗೆ ಸೇರುವುದೇ ಇಲ್ಲ. ಮಾಲೀಕರ ಪೂರ್ತಿ ಪಾಲು ಅವರ ಪಿಎಫ್ ಖಾತೆಗೇ ಹೋಗುತ್ತದೆ. ಬೆಂಗಳೂರಿನ ಹೊಸ ಸಾಫ್ಟ್‌ವೇರ್ ಎಂಜಿನಿಯರ್ ಆಗಲಿ ವಡೋದರಾದ ಹೊಸ ಕೆಮಿಕಲ್ ಎಂಜಿನಿಯರ್ ಆಗಲಿ, ಪಿಂಚಣಿ ನಿಧಿಗೆ ಅವರ ಕೊಡುಗೆ ಶೂನ್ಯ. ಒಳ್ಳೆಯ ಸಂಬಳದ ಹೊಸ ತಲೆಮಾರು ಹೊರಗೇ ಉಳಿದರೆ ನಿಧಿಗೆ ಹೊಸದಾಗಿ ಸೇರುವವರು ಕಡಿಮೆ ಸಂಬಳದವರೇ.

ಹಾಗಾದರೆ ಹೆಚ್ಚು ಸಂಬಳದವರು ಹೆಚ್ಚು ಕಟ್ಟಿದರೆ ಸಮಸ್ಯೆ ಬಗೆಹರಿಯಿತಲ್ಲ? ಇಲ್ಲ. ಇದಕ್ಕೆ ಸಾಕ್ಷಿ 'ಹೆಚ್ಚಿನ ಪಿಂಚಣಿ' ಪ್ರಕರಣ.

1996ರ ಮಾರ್ಚ್‌ನಿಂದ 2014ರ ಆಗಸ್ಟ್‌ವರೆಗೆ ಮಿತಿಯನ್ನು ಮೀರಿ ಪೂರ್ತಿ ಸಂಬಳದ ಮೇಲೆ ಪಿಂಚಣಿ ವಂತಿಗೆ ಕಟ್ಟುವ ಆಯ್ಕೆ ಕಾಗದದ ಮೇಲೆ ಇತ್ತು. ಹೆಚ್ಚಿನವರಿಗೆ ಅದು ಗೊತ್ತೇ ಇರಲಿಲ್ಲ. 2014ರಲ್ಲಿ ಮಿತಿಯನ್ನು 6,500 ರೂ.ನಿಂದ 15,000 ರೂ.ಗೆ ಏರಿಸಿದಾಗ ಆ ಆಯ್ಕೆಯನ್ನು ತೆಗೆದುಹಾಕಲಾಯಿತು. ವ್ಯಾಜ್ಯ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 2022ರ ನವೆಂಬರ್ 4ರಂದು ಮುಖ್ಯ ನ್ಯಾಯಮೂರ್ತಿ ಯು.ಯು. ಲಲಿತ್ ನೇತೃತ್ವದ ಪೀಠ 2014ರ ತಿದ್ದುಪಡಿಯನ್ನು ಎತ್ತಿಹಿಡಿದು, ಅರ್ಹರಿಗೆ ಆಯ್ಕೆ ಸಲ್ಲಿಸಲು ಮತ್ತೊಂದು ಅವಕಾಶ ಕೊಟ್ಟಿತು. ಗಡುವು ಮತ್ತೆ ಮತ್ತೆ ವಿಸ್ತರಣೆಯಾಗಿ 2023ರ ಜುಲೈ 11ಕ್ಕೆ ಮುಗಿಯುವಷ್ಟರಲ್ಲಿ ದೇಶಾದ್ಯಂತ 17 ಲಕ್ಷಕ್ಕೂ ಹೆಚ್ಚು ಅರ್ಜಿಗಳು ಬಂದಿದ್ದವು.

ಗಮನಿಸಿ, ಇವರೆಲ್ಲ ಹೆಚ್ಚು ಕಟ್ಟುತ್ತೇವೆ ಎಂದು ತಾವಾಗಿಯೇ ಮುಂದೆ ಬಂದವರು. ಕಾರಣ ಸೂತ್ರದಲ್ಲೇ ಇದೆ. ವಂತಿಗೆ ಕಟ್ಟುವುದು ವೃತ್ತಿಯುದ್ದಕ್ಕೂ, ಆರಂಭದ ಸಣ್ಣ ಸಂಬಳದಿಂದ. ಪಿಂಚಣಿ ಲೆಕ್ಕ ಹಾಕುವುದು ಸೇವೆಯ ಕೊನೆಯ ದೊಡ್ಡ ಸಂಬಳದ ಮೇಲೆ. ಮೊದಲು ಕೊನೆಯ 12 ತಿಂಗಳ ಸರಾಸರಿ, 2014ರಿಂದ 60 ತಿಂಗಳ ಸರಾಸರಿ. ಸರಾಸರಿ ಮೂಲ ವೇತನ 1.5 ಲಕ್ಷ ರೂ. ಆಗಿ ನಿವೃತ್ತರಾದವರಿಗೆ 35 ವರ್ಷಕ್ಕೆ ಸೂತ್ರ ಕೊಡುವುದು 75,000 ರೂ. ಅಷ್ಟು ಪಿಂಚಣಿಗೆ ಸಾಕಾಗುವಷ್ಟು ಹಣ ಅವರ ಹೆಸರಲ್ಲಿ ನಿಧಿಗೆ ಬಂದಿರುವುದಿಲ್ಲ. ಕೊರತೆ ತುಂಬುವುದು ಅದೇ ನಿಧಿಯಲ್ಲಿರುವ ಕಡಿಮೆ ಸಂಬಳದವರ ಹಣ. ಇಪಿಎಫ್‌ಒ ಕೋರ್ಟ್‌ನಲ್ಲಿ ಮುಂದಿಟ್ಟ ಆತಂಕಗಳಲ್ಲಿ ಇದೂ ಒಂದು. ಇದೇ ಯೋಜನೆಯಲ್ಲಿ ಕನಿಷ್ಠ ಪಿಂಚಣಿ ಇಂದಿಗೂ 2014ರಲ್ಲಿ ನಿಗದಿಯಾದ 1,000 ರೂ. ಅದನ್ನು 7,500 ರೂ. ಮಾಡಿ ಎಂದು ಪಿಂಚಣಿದಾರರ ಸಂಘಟನೆಗಳು ವರ್ಷಗಳಿಂದ ಕೇಳುತ್ತಿವೆ.

ಹಾಗಾಗಿ ಹೆಚ್ಚು ಕಟ್ಟುವುದಷ್ಟೇ ಮುಖ್ಯವಲ್ಲ, ಹೆಚ್ಚು ಕಟ್ಟಿದ್ದಕ್ಕೆ ಎಷ್ಟು ಹಿಂದಿರುಗುತ್ತದೆ ಎಂಬುದೇ ನಿರ್ಣಾಯಕ. ಅಮೆರಿಕದ ಸೋಶಿಯಲ್ ಸೆಕ್ಯುರಿಟಿ ಇದನ್ನು ಬೇರೆ ರೀತಿ ನಿಭಾಯಿಸಿದೆ. ಅಲ್ಲಿ ಉದ್ಯೋಗಿ ಶೇ.6.2, ಮಾಲೀಕರು ಶೇ.6.2 ಕಟ್ಟುತ್ತಾರೆ. 2025ರಲ್ಲಿ ಮಿತಿ ವರ್ಷಕ್ಕೆ 1,76,100 ಡಾಲರ್. ಪಿಂಚಣಿ ಲೆಕ್ಕದಲ್ಲಿ ಸರಾಸರಿ ಸಂಬಳದ ಮೊದಲ ಹಂತಕ್ಕೆ ಶೇ.90, ಎರಡನೇ ಹಂತಕ್ಕೆ ಶೇ.32, ಮೂರನೆಯದಕ್ಕೆ ಶೇ.15 ಮಾತ್ರ ಸಿಗುತ್ತದೆ. ಹೆಚ್ಚು ಕಟ್ಟಿದವರಿಗೆ ಹೆಚ್ಚು ಬರುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ವೃದ್ಧರ ಆರೋಗ್ಯ ವಿಮೆ ಮೆಡಿಕೇರ್‌ನ ಶೇ.1.45ಕ್ಕೆ 1994ರಿಂದ ಮಿತಿಯೇ ಇಲ್ಲ, 2 ಲಕ್ಷ ಡಾಲರ್ ಮೀರಿದ ಸಂಬಳಕ್ಕೆ 2013ರಿಂದ ಹೆಚ್ಚುವರಿ ಶೇ.0.9 ಬೇರೆ. ಬ್ರಿಟನ್‌ನಲ್ಲಿ ಉದ್ಯೋಗಿಗಳ ದರ ವರ್ಷಕ್ಕೆ 50,270 ಪೌಂಡ್‌ವರೆಗೆ ಶೇ.8, ಅದಕ್ಕಿಂತ ಮೇಲೆ ಶೇ.2. ಮೇಲೇರಿದಷ್ಟೂ ದರ ಇಳಿಯುವುದು ಅಲ್ಲಿನ ಟೀಕೆಗೆ ಕಾರಣ. ಭಾರತದ ಪಿಂಚಣಿ ಸೂತ್ರದಲ್ಲಿ ಹಂತಗಳೇ ಇಲ್ಲ. ಹಂತ ತರದೆ ಮಿತಿಯನ್ನಷ್ಟೇ ಏರಿಸಿದರೆ ಬಡವರ ಪಿಂಚಣಿ ಏರುವುದಿಲ್ಲ, ಮಧ್ಯಮ ವರ್ಗದ್ದು ಏರುತ್ತದೆ. ಅದೂ ಬೇಕಾದ್ದೇ, ಆದರೆ ಎರಡನ್ನೂ ಒಂದೇ ಎಂದು ತಿಳಿಯಬಾರದು.

ಉಳಿತಾಯದ ಭಾಗದಲ್ಲಿ ಮಾತ್ರ ಸರ್ಕಾರ ಶ್ರೀಮಂತರತ್ತ ಕಣ್ಣು ಹಾಯಿಸಿದೆ. ಪಿಎಫ್‌ಗೆ ಉದ್ಯೋಗಿ ವರ್ಷಕ್ಕೆ 2.5 ಲಕ್ಷ ರೂ.ಗಿಂತ ಹೆಚ್ಚು ಕಟ್ಟಿದರೆ ಹೆಚ್ಚುವರಿಯ ಮೇಲಿನ ಬಡ್ಡಿಗೆ 2021ರ ಏಪ್ರಿಲ್‌ನಿಂದ ತೆರಿಗೆ ಇದೆ. ಆ ತೆರಿಗೆ ಬೊಕ್ಕಸಕ್ಕೆ ಹೋಗುತ್ತದೆ, ಪಿಂಚಣಿ ನಿಧಿಗಲ್ಲ.

ಕಡಿಮೆ ಸಂಬಳದವರಿಗೆ ಪಿಎಫ್ ಹಣ ಎಷ್ಟು ಮುಖ್ಯ ಎಂಬುದನ್ನು ಬೆಂಗಳೂರು ಕಣ್ಣಾರೆ ಕಂಡಿದೆ. 58 ವರ್ಷ ತುಂಬುವವರೆಗೆ ಮಾಲೀಕರ ಪಾಲನ್ನು ತೆಗೆಯುವಂತಿಲ್ಲ ಎಂಬ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಗಾರ್ಮೆಂಟ್ಸ್ ಕಾರ್ಮಿಕರು, ಅದರಲ್ಲೂ ಮಹಿಳೆಯರು ರಸ್ತೆಗಿಳಿದಾಗ ಎರಡೇ ದಿನದಲ್ಲಿ ಕೇಂದ್ರ ಹಿಂದೆ ಸರಿಯಿತು.

ಸೂರತ್: ಸಂಬಳವೇ ಇಲ್ಲದವರಿಂದ ವಂತಿಗೆ ಹೇಗೆ?

ಇಷ್ಟು ಹೊತ್ತು ಹೇಳಿದ್ದೆಲ್ಲ ಸಂಬಳದ ಚೀಟಿ ಇರುವವರ ಕಥೆ. ಸೂರತ್‌ಗೆ ಬಂದರೆ ಈ ಲೆಕ್ಕಗಳು ಕೈಕೊಡುತ್ತವೆ.

ಜಗತ್ತಿನ ಬಹುಪಾಲು ವಜ್ರಗಳಿಗೆ ಹೊಳಪು ಬರುವುದು ಇಲ್ಲಿ. 'ಘಂಟಿ' ಎಂದು ಕರೆಯುವ ತಿರುಗುವ ಚಕ್ರದ ಸುತ್ತ ಕೂತು ಕೆಲಸ ಮಾಡುವ ರತ್ನ ಕಲಾಕಾರರಲ್ಲಿ ಹೆಚ್ಚಿನವರು ಸೌರಾಷ್ಟ್ರದಿಂದ ಬಂದವರು. ಪವರ್‌ಲೂಮ್‌ಗಳಲ್ಲಿ ಒಡಿಶಾದ ಗಂಜಾಂ ಜಿಲ್ಲೆಯವರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಕೂಲಿ ಸಿಗುವುದು ತಿಂಗಳ ಲೆಕ್ಕಕ್ಕಲ್ಲ, ಹೊಳಪು ಕೊಟ್ಟ ಕಲ್ಲಿಗೆ ಇಷ್ಟು, ನೇಯ್ದ ಮೀಟರ್‌ಗೆ ಇಷ್ಟು ಎಂದು. ಇಎಸ್‌ಐ ಅನ್ವಯಿಸಲು 10 ಕೆಲಸಗಾರರು, ಪಿಎಫ್‌ಗೆ 20 ಕೆಲಸಗಾರರು ಇರಬೇಕು. ಸಣ್ಣ ಸಣ್ಣ ಘಟಕಗಳ ಈ ಊರಿನಲ್ಲಿ ಆ ಸಂಖ್ಯೆ ಕಾಗದದಲ್ಲಿ ಮೂಡುವುದೇ ಕಷ್ಟ.

2023ರ ಡಿಸೆಂಬರ್ 17ರಂದು ಪ್ರಧಾನಿ ನರೇಂದ್ರ ಮೋದಿ ಇಲ್ಲಿ ಸೂರತ್ ಡೈಮಂಡ್ ಬೋರ್ಸ್ ಉದ್ಘಾಟಿಸಿದರು. ಸುಮಾರು 67 ಲಕ್ಷ ಚದರ ಅಡಿಯ, 4,500ಕ್ಕೂ ಹೆಚ್ಚು ಕಚೇರಿಗಳ ಬೃಹತ್ ಸಮುಚ್ಚಯ ಅದು. ನಂತರದ ವರ್ಷಗಳಲ್ಲಿ ವಜ್ರ ಉದ್ಯಮಕ್ಕೆ ಬೇಡಿಕೆ ಕುಸಿತ ಕಾಡಿದಾಗ ಕೆಲಸ ಕಳೆದುಕೊಂಡವರಿಗೆ ಆಸರೆಯಾಗಲು ಯಾವ ವಿಮಾ ನಿಧಿಯೂ ಇರಲಿಲ್ಲ. 2025ರ ಮೇನಲ್ಲಿ ರಾಜ್ಯ ಸರ್ಕಾರ ಪ್ಯಾಕೇಜ್ ಘೋಷಿಸಿ ಅವರ ಮಕ್ಕಳ ಶಾಲಾ ಶುಲ್ಕಕ್ಕೆ ನೆರವು ನೀಡಬೇಕಾಯಿತು. ಇಎಸ್‌ಐ ಸದಸ್ಯರಾಗಿದ್ದರೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆಯಡಿ 90 ದಿನಗಳವರೆಗೆ ಸರಾಸರಿ ಕೂಲಿಯ ಅರ್ಧ ಸಿಗುತ್ತಿತ್ತು. ವಿಮೆಗೂ ಪರಿಹಾರಕ್ಕೂ ಇರುವ ವ್ಯತ್ಯಾಸ ಇದು. ಒಂದು ಹಕ್ಕಿನಿಂದ ಬರುತ್ತದೆ, ಇನ್ನೊಂದಕ್ಕೆ ಘೋಷಣೆ ಕಾಯಬೇಕು.

ಸೂರತ್‌ನಲ್ಲಿ ಹೆಚ್ಚು ಗಳಿಸುವವರು ಸಂಬಳದವರಲ್ಲ, ವ್ಯಾಪಾರಿಗಳು. ಲಾಭ, ಬಾಡಿಗೆ, ಬಡ್ಡಿ, ಷೇರು ಆದಾಯ ಇವ್ಯಾವುವೂ ಇಎಸ್‌ಐ, ಪಿಎಫ್ ಬಲೆಗೆ ಬೀಳುವುದಿಲ್ಲ. ಸಂಬಳದ ಮಿತಿಯನ್ನು 1 ಲಕ್ಷ ರೂ.ಗೆ ಏರಿಸಿದರೂ ಇಲ್ಲಿನ ಶ್ರೀಮಂತರಿಂದ ನಿಧಿಗೆ ಹೆಚ್ಚೇನೂ ಬಾರದು. ಅದಕ್ಕೆ ಬೇರೆ ದಾರಿ ಬೇಕು, ಅದು ಇದೆ ಕೂಡ. ಕಟ್ಟಡ ಕಾರ್ಮಿಕರ ಕಲ್ಯಾಣಕ್ಕಾಗಿ ನಿರ್ಮಾಣ ವೆಚ್ಚದ ಮೇಲೆ ಶೇ.1ರಷ್ಟು ಸೆಸ್ ಸಂಗ್ರಹವಾಗುತ್ತದೆ. ಕಟ್ಟುವವರು ಕಟ್ಟಡದ ಮಾಲೀಕರು, ಪಡೆಯುವವರು ಕಾರ್ಮಿಕರು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಆ್ಯಪ್ ಕಂಪನಿಗಳ ವಾರ್ಷಿಕ ವಹಿವಾಟಿನ ಶೇ.1ರಿಂದ 2ರಷ್ಟನ್ನು ಗಿಗ್ ಕಾರ್ಮಿಕರ ನಿಧಿಗೆ ಪಡೆಯಲು ಅವಕಾಶ ಕೊಟ್ಟಿದೆ. ಕರ್ನಾಟಕ ಕೂಡ 2025ರಲ್ಲಿ ಗಿಗ್ ಕಾರ್ಮಿಕರಿಗಾಗಿ ಪ್ರತಿ ಪಾವತಿಯ ಮೇಲೆ ಶೇ.1ರಿಂದ 5ರಷ್ಟು ಕಲ್ಯಾಣ ಶುಲ್ಕದ ಕಾನೂನು ಮಾಡಿದೆ. ಆಹಾರ ತಲುಪಿಸುವವರಿಗೆ ಸಾಧ್ಯವಾದದ್ದು ವಜ್ರಕ್ಕೆ ಹೊಳಪು ಕೊಡುವವರಿಗೆ ಏಕೆ ಆಗಬಾರದು ಎಂಬ ಪ್ರಶ್ನೆ ಕೇಳಬೇಕಾದ್ದೇ.

ಸಿರಿವಂತರಿಲ್ಲದೆ ಬಡವರು ತಾವೇ ವಿಮೆ ಕಟ್ಟಿಕೊಂಡ ಪ್ರಯೋಗವೂ ಗುಜರಾತ್‌ನದೇ. ಇಳಾ ಭಟ್ 1972ರಲ್ಲಿ ಅಹಮದಾಬಾದ್‌ನಲ್ಲಿ ಕಟ್ಟಿದ ಸೇವಾ ಸಂಘಟನೆ 1992ರಲ್ಲಿ ವಿಮೋಸೇವಾ ಎಂಬ ವಿಮೆ ಆರಂಭಿಸಿತು. ಬೀದಿ ವ್ಯಾಪಾರಿಗಳು, ಬೀಡಿ ಕಟ್ಟುವವರು, ಮನೆಯಲ್ಲೇ ಹೊಲಿಗೆ ಮಾಡುವವರು ಅದರ ಸದಸ್ಯರು. ದೇಶದಾದ್ಯಂತ ಅಧ್ಯಯನಕ್ಕೆ ಒಳಗಾದ ಗೌರವದ ಪ್ರಯತ್ನ ಅದು. ಆದರೆ ಎಲ್ಲರ ಆದಾಯವೂ ಕಡಿಮೆ ಇರುವ ನಿಧಿಯಲ್ಲಿ ಪ್ರೀಮಿಯಂ ಸಣ್ಣದಾಗಿಯೇ ಇರಬೇಕು, ಹಾಗಾಗಿ ಪರಿಹಾರವೂ ಸಣ್ಣದು.

ಸಂಬಳ 21,000 ರೂ. ದಾಟಿದರೆ ಏನಾಗುತ್ತದೆ?

ಇಎಸ್‌ಐ, ಪಿಎಫ್ ಮಿತಿಗಳನ್ನು ಬದಲಿಸಲು ಸಂಸತ್ತಿನಲ್ಲಿ ಹೊಸ ಮಸೂದೆ ಬೇಕಿಲ್ಲ. ಹೊಸ ಸಂಹಿತೆಯಲ್ಲೂ ಮಿತಿ ನಿಗದಿಪಡಿಸುವ ಅಧಿಕಾರ ಕೇಂದ್ರ ಸರ್ಕಾರದ ಅಧಿಸೂಚನೆಗೇ ಬಿಟ್ಟಿದೆ. ಅಲ್ಲಿಯವರೆಗೆ ಗಡಿಯಲ್ಲಿರುವ ಕಾರ್ಮಿಕರು ತಿಳಿದಿರಬೇಕಾದ ಸಂಗತಿಗಳಿವೆ.

ಇಎಸ್‌ಐ ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ನಡುವೆ ಸಂಬಳ 21,000 ರೂ. ಮೀರಿದರೂ ಆ ಅವಧಿ ಮುಗಿಯುವವರೆಗೆ ಪೂರ್ತಿ ಸಂಬಳದ ಮೇಲೆ ವಂತಿಗೆ ಕಡಿತವಾಗುತ್ತದೆ, ಸದಸ್ಯತ್ವ ಇರುತ್ತದೆ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಕಟ್ಟಿದ್ದರ ನಗದು ಸೌಲಭ್ಯ ಮುಂದಿನ ಜನವರಿಯಿಂದ ಜೂನ್‌ವರೆಗೆ ಲಭ್ಯ. ಓವರ್‌ಟೈಮ್ ಹಣವನ್ನು ಮಿತಿಯ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಓವರ್‌ಟೈಮ್ ಸೇರಿ 21,000 ರೂ. ದಾಟಿತು ಎಂದು ಕಂಪನಿ ಹೊರಗಿಟ್ಟರೆ ಪ್ರಶ್ನಿಸಬಹುದು.

ನಿವೃತ್ತರಿಗೆ ಇನ್ನೊಂದು ವಿಷಯ. ಕನಿಷ್ಠ 5 ವರ್ಷ ವಿಮಾದಾರರಾಗಿದ್ದು ನಿವೃತ್ತರಾದವರು ವರ್ಷಕ್ಕೆ 120 ರೂ. ಕಟ್ಟಿ ತಮಗೂ ಸಂಗಾತಿಗೂ ಇಎಸ್‌ಐ ಚಿಕಿತ್ಸೆ ಪಡೆಯಬಹುದು. ನಿವೃತ್ತಿಗೆ ಮುನ್ನ ಸಂಬಳ ಮಿತಿ ದಾಟಿ ಹೊರಬಿದ್ದವರಿಗೆ ಈ ಬಾಗಿಲು ಮುಚ್ಚಿತ್ತು. ವರ್ಷಗಟ್ಟಲೆ ವಂತಿಗೆ ಕಟ್ಟಿ, ಕೊನೆಯಲ್ಲಿ ಕೆಲವು ನೂರು ರೂಪಾಯಿ ಬಡ್ತಿ ಸಿಕ್ಕಿದ್ದೇ ಅವರಿಗೆ ಮುಳುವಾಗಿತ್ತು. 2024ರ ಫೆಬ್ರವರಿಯಲ್ಲಿ ಇಎಸ್‌ಐ ನಿಗಮ ಈ ನಿಯಮ ಸಡಿಲಿಸಲು ಒಪ್ಪಿತು. 2012ರ ಏಪ್ರಿಲ್ 1ರ ನಂತರ ಕನಿಷ್ಠ 5 ವರ್ಷ ವಿಮಾದಾರರಾಗಿದ್ದು, 2017ರ ಏಪ್ರಿಲ್ 1 ಅಥವಾ ಅನಂತರ 30,000 ರೂ.ವರೆಗಿನ ಸಂಬಳದಲ್ಲಿ ನಿವೃತ್ತರಾದವರಿಗೆ ಇದು ಅನ್ವಯಿಸುತ್ತದೆ.